ಉಸಿರಿನ ಜಾಗಾ

ಶಿವರಾತ್ರಿ ಕಳೆದಿತ್ತು, ಹೋಳಿ ಹುಣ್ಣಿಮೆ ಇನ್ನೂ ಬಂದಿರಲಿಲ್ಲ. ಕಟ್ಟೆಯ ಮೇಲೆ ಕುಳಿತರೆ ಬೆನ್ನಿಗೆ ಹಿತವೆನಿಸುವ, ಎದ್ದು ನಾಲ್ಕು ಹೆಜ್ಜೆ ನಡೆದರೆ ನೆತ್ತಿ ಚುರುಗುಟ್ಟುವ ಬಿಸಿಲು. ಸವಣೂರಿನ ವೀಳ್ಯದೆಲೆ ಪೇಟೆಯ ಮುಂಜಾನೆಯ ಗದ್ದಲ ಇಳಿದು, ಹೆಂಗಸರು ಎರಡನೆಯ ಸಲ ನೀರಿಗೆ ಹೊರಡುವ ಹೊತ್ತು. ಆ ಹೊತ್ತಿನಲ್ಲಿ ನಾಟಕ ಕಂಪನಿಯಲ್ಲಿ ಹಾರ್ಮೋನಿಯಮ್ ಬಾರಿಸುವ ಪೇಟಿ ಮಾಸ್ತರ ಹಯಾತ, ಅಕ್ಕ ಗೌಸಬಿಯ ಮನೆಯ ಕಟ್ಟೆಯ ಮೇಲೆ ಕುಳಿತು, ಎಡಗೈಯ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಹಿಡಿದು ನೋಡಿಕೊಳ್ಳುತ್ತಿದ್ದ, ಅವು ತನ್ನವೋ ಅಲ್ಲವೋ ಎಂಬಂತೆ. ಮುಂಜಾನೆ ಥೇಟರಿನ ಹಿಂದೆ ಹಾರ್ಮೋನಿಯಮ್ಮಿನ ಹಲ್ಲು ಬಿಚ್ಚಿ ಧೂಳು ಒರೆಸುತ್ತಿದ್ದಾಗ ಕಂಪನಿಯ ಹಾಡುಗಾರ್ತಿ ಭರಮವ್ವ ಬಂದು ನಿಂತಿದ್ದಳು. ಕೈಯಲ್ಲಿ ಚಹದ ಬಟ್ಟಲು. ಕುಡಿಯಲಿಲ್ಲ, ಬಿಸಿಯನ್ನಷ್ಟೇ ಮೂಗಿಗೆ ಹಿಡಿದುಕೊಂಡಿದ್ದಳು. ದಮ್ಮಿನವರು ಹಾಗೆ ಹಿಡಿದುಕೊಳ್ಳುತ್ತಾರೆ. "ಮಾಸ್ತರ, ಇವತ್ತ ನನ್ನ ಉಸಿರಿನ ಜಾಗಾದಾಗ..." ಅಂದು ನಿಂತಳು. ಅವಳು ಮಾತಿನ ನಡುವೆ ನಿಂತಾಗ ಉಳಿದದ್ದನ್ನು ತಾನೇ ಆಡಿಬಿಡುವುದು ಹಯಾತನಿಗೆ ರೂಢಿ. "ಸ್ವಲ್ಪ ಜೋರಲೆ ಬಾರಸ್ಲೇನ್ರಿ ಬಾಯಾರ?" ಎಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಉಸಿರು ಬಂದ ಮೇಲೆ ಅಂದಳು: "ಬಾರಸಬ್ಯಾಡ್ರಿ. ಆ ಜಾಗಾ ನನಗ ಬಿಟ್ಟಬಿಡ್ರಿ."

ಅಷ್ಟೇ. ಚಹ ಕುಡಿದು ಬಟ್ಟಲು ತೊಳೆದು ಬೋರಲು ಹಾಕಿ ಹೋದಳು. ಹಯಾತನಿಗೆ ಹಾರ್ಮೋನಿಯಮ್ಮಿನ ಹಲ್ಲು ಯಾವುದು ಎಲ್ಲಿಯದೆಂದು ತಿಳಿಯದೆ ಒಂದೆರಡನ್ನು ತಪ್ಪು ಜಾಗದಲ್ಲಿ ಕೂಡಿಸಿ ಮತ್ತೆ ಬಿಚ್ಚಬೇಕಾಯಿತು.

ಅವಳು ಹೇಳಿದ್ದು ಆ ಹಾಡಿನ ಬಗ್ಗೆ. ಆ ಹಾಡು ಬಾರದವರು ಆಗ ಈ ಸೀಮೆಯಲ್ಲಿ ಯಾರಿದ್ದರು? ಊರಿಂದ ಬರುವ ಗಂಡನಿಗಾಗಿ ಹೆಂಡತಿ ಹೇಳುವ ಹಾಡು. 'ಬಾಗಿಲ ತೆರದೈತಿ ಬಾರೋ ರಾಯ, ಬಾಳಿಯ ನೆರಳೈತಿ ಬಾರೋ. ತಂಬಿಗಿ ತುಂಬೈತಿ ಬಾರೋ ರಾಯ, ತಂಗಾಳಿ ಬೀಸೈತಿ ಬಾರೋ.' ಹುಬ್ಬಳ್ಳಿಯ ಯಾವಳೋ ಅದನ್ನು ಗ್ರಾಮೊಫೋನ್ ಪ್ಲೇಟಿಗೆ ಹಾಡಿದ್ದಳು. ಶಿಗ್ಗಾಂವಿಯ ಚಹದಂಗಡಿಯಲ್ಲಿ ಮುಂಜಾನೆಯಿಂದ ದೀಪ ಹಚ್ಚುವ ತನಕ ಅದೇ ಪ್ಲೇಟು. ಹಾನಗಲ್ಲಿನ ಸಂತೆಯಲ್ಲಿ ಬಳೆಗಾರ ಅದನ್ನೇ ಗುನುಗುತ್ತ ಕೈಗೆ ಬಳೆ ಏರಿಸುತ್ತಿದ್ದ. ಚಿಕ್ಕೇರೂರಿನ ಹೊಲದಲ್ಲಿ ಕಳೆ ತೆಗೆಯುವವರು ಸಾಲು ಮುಗಿದಲ್ಲಿ 'ಬಾರೋ' ಎಂದು ಕೂಗಿ ನಗುತ್ತಿದ್ದರು. ಹಾಡಿನ ಜೀವ ಇದ್ದದ್ದು ಆ 'ಬಾರೋ'ದಲ್ಲಿ. ತಬಲಾದ ಮೊದಲ ಪೆಟ್ಟು ಬೀಳುವುದಕ್ಕೂ ಆ ಮಾತು ಬೀಳುವುದಕ್ಕೂ ಕೂದಲೆಳೆಯಷ್ಟು ಅಂತರವಿರಬಾರದು. ರಟ್ಟೆ ಹಿಡಿದು ಒಳಗೆ ಎಳೆದುಕೊಂಡಂತೆ ಇರಬೇಕು. ಬಿದ್ದೊಡನೆ ಗಂಡಸರು ಶಿಳ್ಳೆ ಹಾಕಬೇಕು, 'ವನ್ಸ್ ಮೋರ್' ಅನ್ನಬೇಕು. ಭರಮವ್ವನೂ ಎಷ್ಟೋ ವರ್ಷ ಹಾಗೆಯೇ ಹಾಡಿದ್ದಳು, ಪ್ಲೇಟಿನವಳಿಗಿಂತ ಒಂದು ತೂಕ ಹೆಚ್ಚೇ. ಹ್ಯಾಂಡಬಿಲ್ಲಿನಲ್ಲಿ ಅವಳ ಹೆಸರು 'ಕೋಗಿಲಕಂಠದ ಭರಮಾಬಾಯಿ' ಎಂದು ಮಾಲಕರ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬೀಳುತ್ತಿತ್ತು. ಆಮೇಲೆ ಅವಳಿಗೆ ದಮ್ಮು ಬಂತು. ಒಂದು ಮಳೆಗಾಲದಲ್ಲಿ ಬಂದದ್ದು ಆ ಬೇಸಗೆಗೂ ಹೋಗಲಿಲ್ಲ, ಮರುಬೇಸಗೆಗೂ ಹೋಗಲಿಲ್ಲ.

ಒಂದು ಸಾಲನ್ನು ಒಂದೇ ಉಸಿರಿಗೆ ಎತ್ತಿ ಮುಟ್ಟಿಸಬೇಕಾದವಳಿಗೆ ನಡುದಾರಿಯಲ್ಲಿ ಉಸಿರು ಮುಗಿಯುತ್ತದೆ ಎನ್ನುವುದು ಎಲ್ಲರಿಗಿಂತ ಮೊದಲು ತಿಳಿದದ್ದು ಹಯಾತನಿಗೆ. ಪೇಟಿಯ ಜಾಗ ರಂಗದ ಕೆಳಗಿನ ತಗ್ಗಿನಲ್ಲಿ. ಅಲ್ಲಿ ಕುಳಿತವನ ಕಣ್ಣಿಗೆ ಸಮನಾಗಿ ಬರುವುದು ಪಾತ್ರದವರ ಪಾದ. ಊರೆಲ್ಲ ಭರಮಾಬಾಯಿಯ ಮುಖ ನೋಡಿ ಚಪ್ಪಾಳೆ ಹೊಡೆದರೆ ಹಯಾತ ಇಷ್ಟು ವರ್ಷ ನೋಡಿದ್ದು ಅವಳ ಪಾದ. ಉಸಿರು ತೀರುವ ಮೊದಲು ಅವಳ ಬಲಗಾಲ ಹೆಬ್ಬೆರಳು ಹಲಗೆಯನ್ನು ಒತ್ತುತ್ತಿತ್ತು, ನೀರಿಗಿಳಿಯುವವರು ತಳ ಸಿಗುತ್ತದೋ ಇಲ್ಲವೋ ಎಂದು ನೋಡಿದ ಹಾಗೆ. ಅದು ಒತ್ತಿದ ಕ್ಷಣ ಹಯಾತನ ಬೆರಳು ಓಡುತ್ತಿದ್ದವು. ಅವಳು ಬಿಟ್ಟ ಜಾಗದಲ್ಲಿ ಒಂದು ಸಣ್ಣ ಸುರುಳಿ, ಒಂದು ಏರು, ಒಂದು ಇಳಿತ. ಅವಳು ಉಸಿರು ತುಂಬಿಕೊಂಡು ಬರುವಷ್ಟರಲ್ಲಿ ಪೇಟಿ ದಾರಿಯನ್ನು ಗುಡಿಸಿ ಇಟ್ಟಿರುತ್ತಿತ್ತು. ಮಂದಿಗೆ ಗೊತ್ತಾಗಲಿಲ್ಲ. ಮಾಲಕ ಚೌಡಪ್ಪನಿಗೂ ಬಹಳ ದಿನ ಗೊತ್ತಾಗಲಿಲ್ಲ. ಇದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಆಟ ಮುಗಿದ ಮೇಲೆ ಬಣ್ಣ ಒರೆಸುತ್ತ ಅವಳು ಅವನ ಕಡೆ ಒಂದು ಸಲ ನೋಡುತ್ತಿದ್ದಳು; ಆ ನೋಟವನ್ನು ಹಿಡಿದುಕೊಂಡು ಅವನು ಮಲಗುತ್ತಿದ್ದ. ಮದುವೆಯಾಗದೆ ಉಳಿದ, ಊರೂರು ತಿರುಗುವ ಪೇಟಿಯವನಿಗೆ ಅದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ಬೇಕಿತ್ತು. ಬೇಕಿದ್ದರೂ ಕೇಳುವ ಬಗೆ ಗೊತ್ತಿರಲಿಲ್ಲ.

"ಏನ ಬೆರಳ ನೋಡಾಕತ್ತೀಯೋ ಹಯಾತ? ಉಂಗುರ ಕಳಕೊಂಡವರಂಗ?" ಒಳಗಿನಿಂದ ಗೌಸಬಿ ಒದ್ದೆ ಗೋಣಿಯನ್ನು ಎಳೆದುಕೊಂಡು ಬಂದು ಎದುರಿಗೆ ಕುಳಿತಳು. ಗಂಡ ಸತ್ತ ಮೇಲೂ ಎಲೆಬಳ್ಳಿಯ ತೋಟವನ್ನು ಬಿಡದೆ ಹಿಡಿದುಕೊಂಡ ಹೆಂಗಸು. ಗೋಣಿ ಬಿಚ್ಚಿ ಎಲೆಗೆ ನೀರು ಚಿಮುಕಿಸಿ, ಎಳೆಯದನ್ನು ಒಂದು ಕಡೆ, ಬಲಿತದ್ದನ್ನು ಒಂದು ಕಡೆ ಆರಿಸತೊಡಗಿದಳು.

"ಏನಿಲ್ಲ ಆಪಾ."

"ಏನಿಲ್ಲಂದ್ರ ಏನೋ ಐತಿ. ಇವತ್ತ ನಾನೂ ಬರಾಕತ್ತೇನಿ ನಿನ್ನ ನಾಟಕಕ್ಕ. ನಮ್ಮ ಓಣ್ಯಾನ ಹೆಣ್ಣಮಕ್ಕಳೆಲ್ಲಾ ಹೊಂಟಾರ."

ಹಯಾತ ತಲೆಯೆತ್ತಿದ. ಅವನು ಪೇಟಿ ಹಿಡಿದ ದಿನದಿಂದ ಗೌಸಬಿ ಒಂದು ಆಟವನ್ನೂ ನೋಡಿರಲಿಲ್ಲ. ಅಪ್ಪ ಇದ್ದಾಗ ಮನೆಯಲ್ಲಿ ನಾಟಕದ ಹೆಸರೆತ್ತುವಂತಿರಲಿಲ್ಲ. ಈಗ ಯುದ್ಧದ ಕಾಲ, ಸೀಮೆಎಣ್ಣೆ ಚಿಮಣಿಗೇ ಇಲ್ಲ, ಗ್ಯಾಸಬತ್ತಿಗೆ ಎಲ್ಲಿಂದ ಬರಬೇಕು? ಅದಕ್ಕೇ ಚೌಡಪ್ಪ ವಾರಕ್ಕೊಂದು ಮಧ್ಯಾಹ್ನದ ಆಟ ಹೂಡಿದ್ದ, ಬರಿಯ ಹೆಣ್ಣುಮಕ್ಕಳಿಗಾಗಿ. ಒಳಗೆ ಗಂಡಸೊಬ್ಬನಿಗೂ ಪ್ರವೇಶವಿಲ್ಲ. ಗೋಷಾದ ಮನೆಗಳವರಿಗಾಗಿ ಒಂದು ಬದಿಗೆ ಬೇರೆ ಪರದೆ ಕಟ್ಟಿಸಿದ್ದ. ತಪ್ಪಿಸಲಾಗದ ಗಂಡಸರೆಂದರೆ ಪೇಟಿಯವನು, ತಬಲಾದವನು. ಆ ಇಬ್ಬರ ತಗ್ಗಿನ ಸುತ್ತ ಜಮಖಾನೆ ಬಿಗಿದು ಜನರ ಕಡೆ ಕಣ್ಣು ಹೊರಳದಂತೆ ಮಾಡಿದ್ದ.

"ಆ ಭರಮವ್ವನ್ನ ನೋಡಬೇಕಾಗೇತಿ ನನಗ," ಅಂದಳು ಗೌಸಬಿ, ಎಲೆಯ ತೊಟ್ಟು ಚಿವುಟುತ್ತ. "ವರ್ಷಕ್ಕೊಮ್ಮೆ ಈ ಕಟ್ಟಿಗೆ ಬಂದು ಕುಂತಾಗೊಮ್ಮೆ ಅಕಿ ಹೆಸರ ಹೇಳ್ತಿ. ಅಕಿಗೆ ಚಲೋ ಐತೇನು, ಅಕಿಗೆ ದಮ್ಮ ಕಡಿಮಿ ಆತೇನು. ನನಗ ಮಣಕಾಲ ಹಿಡದ ಎರಡ ವರ್ಷಾತು, ಒಮ್ಮೆರ ಕೇಳಿಯೇನು?"

"ಕೇಳಿದ್ದೆ ಆಪಾ."

"ಕೇಳಿದ್ದಿ. ಅಕಿ ಬಗ್ಗೆ ಹೇಳೋದ ಮುಗದ ಮ್ಯಾಲ ಕೇಳಿದ್ದಿ." ನಕ್ಕಳು. ನಕ್ಕದ್ದು ತಮ್ಮನಿಗೆ ಹಿಂಸೆಯಾಯಿತೆಂದು ತಿಳಿದು ಒಂದು ಎಳೆಯ ಎಲೆಯನ್ನು ಆರಿಸಿ ಅವನ ಕೈಗೆ ಕೊಟ್ಟಳು. ಅವನು ಅದನ್ನು ಮೆಲ್ಲದೆ ಹಿಡಿದುಕೊಂಡು ಕುಳಿತ. ಎಲೆಯ ತಂಪಿಗೆ ಶಿಗ್ಗಾಂವಿ ನೆನಪಾಯಿತು. ಯಾಕೆಂದರೆ ಶಿಗ್ಗಾಂವಿಯಲ್ಲಿ ಅವನಿಗೆ ಶಾಲು ಹೊದಿಸಿದ ಸಾಹುಕಾರನ ಕೈಯೂ ಹೀಗೆಯೇ ತಂಪಾಗಿ, ಒದ್ದೆಯಾಗಿ ಇತ್ತು. ಅಂದು ಅಲ್ಲಿಯ ಆಟದಲ್ಲಿ ಭರಮವ್ವನಿಗೆ 'ಬಾಳಿಯ ನೆರಳೈತಿ' ಅಂದ ಮೇಲೆ ಉಸಿರು ಸಿಕ್ಕಿರಲಿಲ್ಲ. ಹೆಬ್ಬೆರಳು ಒತ್ತಿತು, ಒತ್ತಿಯೇ ಇತ್ತು. ಹಯಾತ ಒಂದು ಸುರುಳಿಗೆ ಇನ್ನೊಂದು ಸುರುಳಿ ಪೋಣಿಸಿದ, ಮಂದಿ 'ವಾಹವ್ವಾ' ಎಂದರು, ಇನ್ನೊಂದು ಪೋಣಿಸಿದ. ಆಗಲೇ ಅವಳಿಗೆ ಉಸಿರು ಬಂದಿತ್ತು. ಹೆಬ್ಬೆರಳು ಸಡಿಲಾದದ್ದನ್ನು ಅವನು ಕಂಡಿದ್ದ. ಕಂಡೂ ಇನ್ನೊಂದು ಸುತ್ತು ಬಾರಿಸಿದ. ಯಾಕೆ ಬಾರಿಸಿದೆನೆಂದು ಎಷ್ಟು ಸಲ ಕೇಳಿಕೊಂಡರೂ ಉತ್ತರ ಒಂದೇ: ಸೊಗಸಾಗಿ ಬರುತ್ತಿತ್ತು. ಜನ ಎದ್ದು ನಿಂತು 'ಪೇಟಿ ಮಾಸ್ತರಗ ವನ್ಸ್ ಮೋರ್' ಎಂದು ಕೂಗಿದರು. ಸಾಹುಕಾರ ಮುಂದೆ ಬಂದು ತನ್ನ ಶಾಲನ್ನು ತೆಗೆದು ಹಯಾತನಿಗೆ ಹೊದಿಸಿದ. ರಂಗದ ಮೇಲೆ ಭರಮವ್ವ ಬಾಯಿ ಅರ್ಧ ತೆರೆದು ತನ್ನ ಹಾಡಿನ ಹೊರಗೆ ನಿಂತಿದ್ದಳು. ಆ ರಾತ್ರಿ ಬಣ್ಣ ಒರೆಸುವಾಗ ಅವಳು ಈ ಕಡೆ ನೋಡಲಿಲ್ಲ. "ಶಾಲ ಚಲೋ ಐತ್ರಿ ಮಾಸ್ತರ," ಎಂದಷ್ಟೇ ಅಂದಳು. ಶಾಲನ್ನು ಅವನು ಟ್ರಂಕಿನ ತಳಕ್ಕೆ ಹಾಕಿದ್ದ. ಚಳಿ ಬಿದ್ದರೂ ಹೊದೆಯಲಿಲ್ಲ.

ಹೊತ್ತು ನೆತ್ತಿಗೆ ಬರುವ ಮೊದಲು ಥೇಟರಿಗೆ ಹೋದ. ತಗಡಿನ ಗೋಡೆಯ ನೆರಳಿನಲ್ಲಿ ಚೌಡಪ್ಪ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಕೆಟ್ಟ ಮನುಷ್ಯನಲ್ಲ, ಒಂದು ಕಂಪನಿಯಷ್ಟು ಹೊಟ್ಟೆಗಳನ್ನು ನಡೆಸುವವನ ಮುಖ ಅವನದು, ಸದಾ ಏನೋ ಸೋರುತ್ತಿದೆ ಎಂದು ಮಾಳಿಗೆ ನೋಡುವವನ ಹಾಗೆ. "ಮಾಸ್ತರ, ಕುಂತ್ರಿ," ಅಂದ. "ನಿಮಗ ತಿಳೀದ್ದೇನೈತಿ. ಅಕಿ ಹಾಡು ಕುಂಟಾಕತ್ತೇತಿ. ಇಷ್ಟ ದಿನ ನೀವು ಹೆಗಲ ಕೊಟ್ಟ ದಾಟಿಸಿದ್ರಿ, ಗೊತ್ತೈತಿ ನನಗ. ಇವತ್ತ ಹೆಣ್ಣಮಕ್ಕಳ ಆಟದಾಗ ಒಂದ ಸಲ ಕೇಳ್ತೇನಿ. ಹೊರಗ ನಿಂತ ಕೇಳ್ತೇನಿ. ಸರಿ ಹೋಗಲಿಲ್ಲಂದ್ರ ನಾಳಿಂದ ಹಾಡು ಆ ಹುಡುಗಿ ಸರೋಜಂದು. ಭರಮವ್ವಗ ತಾಯಿ ಪಾತ್ರ ಕೊಡೂಣಂತ. ತಾಯಿ ಪಾತ್ರಕ್ಕ ಹಾಡಿಲ್ಲ."

"ಅಕಿಗೆ ಹೇಳೀರೇನ್ರಿ?"

"ನಿನ್ನೆನ ಹೇಳೇನಿ. ಮಾಸ್ತರ, ನಿಮ್ಮ ಕೈಯಾಗ ಐತಿ ನೋಡ್ರಿ. ಇವತ್ತ ಚಂದಂಗ ತುಂಬಿ ಬಾರಸ್ರಿ. ನನಗೇನ ಅಕಿನ್ನ ಕೆಳಗ ಇಳಸೂ ಹೌಸಿಲ್ಲ."

ನಿನ್ನೆಯೇ ಹೇಳಿದ್ದಾನೆ. ಅಂದರೆ ಗೊತ್ತಿದ್ದೂ ಅವಳು ಮುಂಜಾನೆ ಬಂದು ಆ ಮಾತು ಅಂದದ್ದು. ತುಂಬಿ ಬಾರಿಸಿದರೆ ಹಾಡು ಅವಳಿಗೆ ಉಳಿಯುತ್ತದೆ, ಆದರೆ ಅದು ಅವಳದಾಗಿ ಉಳಿಯುವುದಿಲ್ಲ. ಬಿಟ್ಟರೆ ಕೇಳಿದ್ದನ್ನು ಕೊಟ್ಟಂತಾಗುತ್ತದೆ, ಹಾಡು ಹೋಗುತ್ತದೆ. ನನ್ನನ್ನು ಯಾಕೆ ಇಲ್ಲಿ ನಿಲ್ಲಿಸಿದಳು ಎಂದು ಅವಳ ಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲೇ ತಗ್ಗಿಗೆ ಇಳಿದು ಪೇಟಿಯ ಕಾಲುತಿದಿ ಒತ್ತಿ ನೋಡಿದ. ಎಲ್ಲೋ ಒಂದು ಕಡೆ ಗಾಳಿ ಸುಯ್ ಎನ್ನುತ್ತಿತ್ತು, ಹಳೆಯ ಚರ್ಮ.

ತಬಲಾದ ನಾಗಪ್ಪ ಆಗಲೇ ಕುಳಿತಿದ್ದ. "ನೋಡ್ರಿ ಮಾಸ್ತರ, ಜಮಖಾನಿ ಒಳಗ ನಮ್ಮನ್ನ ಹೊಸ ಮದಿಮಗಳಂಗ ಕುಂದ್ರಿಸ್ಯಾರ," ಎಂದು ನಕ್ಕ. "ನನ್ನ ಹೇಣತಿ ಬಂದಾಳಂತ ಒಳಗ. ತಾಳ ತಪ್ಪಿದ್ರ ಮನಿಯಾಗ ರೊಟ್ಟಿ ತಪ್ತೈತಿ."

ಹಯಾತ ಪೇಟಿಯ ಮುಂದಿನ ಸ್ಟೂಲಿನ ಮೇಲೆ ಕುಳಿತ. ಜಮಖಾನೆಯ ಆ ಕಡೆ ಥೇಟರು ತುಂಬುತ್ತಿತ್ತು. ಕಾಣುವುದಿಲ್ಲ, ಕೇಳುತ್ತದೆ, ಅಷ್ಟೆ. ಗಂಡಸರ ಆಟದ ಸದ್ದೇ ಬೇರೆ: ಬೀಡಿಯ ಕೆಮ್ಮು, ಹೆಸರು ಹಿಡಿದು ಕೂಗುವುದು, ಬೆಂಚು ಎಳೆಯುವುದು. ಇದು ಬಳೆಯ ಸದ್ದು, ಕೂಸಿನ ಕುಂಯ್‌ಗುಟ್ಟುವಿಕೆ, ಎಲೆಯ ತೊಟ್ಟು ಮುರಿಯುವ ಸದ್ದು, ಒಬ್ಬಳು ಇನ್ನೊಬ್ಬಳಿಗೆ ಜಾಗ ಮಾಡಿಕೊಟ್ಟಾಗ ಸೀರೆ ಸರಿಯುವ ಸದ್ದು. ಸೊಪ್ಪಿನ ತೋಟಕ್ಕೆ ಗಾಳಿ ನುಗ್ಗಿದಂತೆ. ಇಷ್ಟು ಜನ ಹೆಂಗಸರ ನಡುವೆ ಅವನು ಎಂದೂ ಕುಳಿತಿರಲಿಲ್ಲ. ಇವರಲ್ಲಿ ಆಪಾ ಎಲ್ಲೋ ಇದ್ದಾಳೆ, ಮಣಕಾಲು ಚಾಚಿಕೊಂಡು. ಅವಳು ನನ್ನ ಪೇಟಿಯನ್ನು ಇವತ್ತು ಮೊದಲ ಸಲ ಕೇಳುತ್ತಾಳೆ, ಆ ದಿನವೇ ನಾನು ಸುಮ್ಮನಿರಬೇಕೆ? ಈ ವಿಚಾರ ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಮತ್ತೆ ಶಾಲಿನ ಆಸೆಯೇ ಇದು ಎಂದುಕೊಂಡ.

ಪರದೆ ಎದ್ದಿತು. ತಗಡಿನ ತೂತುಗಳಿಂದ ಬಿಸಿಲಿನ ಕೋಲುಗಳು ಓರೆಯಾಗಿ ಇಳಿದಿದ್ದವು, ಅದೇ ಬೆಳಕು. ಆ ಬೆಳಕಿನಲ್ಲಿ ಬಣ್ಣ ಬಣ್ಣದಂತೆಯೇ ಕಾಣುತ್ತಿತ್ತು, ಜರಿ ಕಾಗದದಂತೆ. ರಾತ್ರಿ ಮುಚ್ಚಿಹೋಗುವುದೆಲ್ಲ ಮಧ್ಯಾಹ್ನಕ್ಕೆ ಎದ್ದು ನಿಂತಿತ್ತು. ಭರಮವ್ವನ ಪಾದ ಬಂತು. ಹಿಮ್ಮಡಿಯ ಬಿರುಕಿನಲ್ಲಿ ಪಾದಕ್ಕೆ ಹಚ್ಚಿದ ಅಲತಿಗೆಯ ಕೆಂಪು ಕೂತಿತ್ತು. ಅವಳ ಊರು ಮಾಸೂರಿನ ಗದ್ದೆಯಲ್ಲಿ ನಾಟಿ ಹಚ್ಚಿದ ಪಾದ ಅದು, ಮದಗದ ಕೆರೆಯ ನೀರಿನಲ್ಲಿ ಬೆಳೆದದ್ದು. ಯಾವ ಬಣ್ಣ ಬಳಿದರೂ ನಾಟಕದ ರಾಣಿಯ ಪಾದವಾಗಲಿಲ್ಲ. ಹಯಾತ ಸುರ ಹಿಡಿದ. ನಾಗಪ್ಪ ಎತ್ತಿಕೊಂಡ. ರೂಢಿಯ ಓಟ, ಜನರ ಕಾಲು ತಾವೇ ಕುಣಿಯುವ ಓಟ.

'ಬಾಗಿಲ...' ಅಂದಳು.

ಹೆಬ್ಬೆರಳು ಒತ್ತಿತು. ಇಷ್ಟು ಬೇಗ ಒತ್ತಿದ್ದು ಹಿಂದೆಂದೂ ಇರಲಿಲ್ಲ. ಹಯಾತನ ಬೆರಳು ಆಗಲೇ ಪೇಟಿಯ ಹಲ್ಲುಗಳ ಮೇಲೆ ಇಳಿದಿದ್ದವು. ಒಂದು ಸುರದ ಚೂರು ಹೊರಗೂ ಬಿತ್ತು. ಅವನು ಬಿಸಿ ಹೆಂಚು ಮುಟ್ಟಿದವನಂತೆ ಕೈ ಎತ್ತಿಕೊಂಡ. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕುಳಿತ. ಆದರೆ ಕಾಲು ತಿದಿ ಒತ್ತುತ್ತಲೇ ಇತ್ತು, ಹಳೆಯ ಚರ್ಮದ 'ಸುಯ್' ಇಡೀ ಥೇಟರಿಗೆ ಕೇಳುತ್ತಿತ್ತು. ಕಾಲನ್ನೂ ನಿಲ್ಲಿಸಿದ. ಆಗ ಕೇಳಿತು. ಮೇಲಿಂದ, ರಂಗದಿಂದ, ಅವಳು ಉಸಿರು ಎಳೆದುಕೊಳ್ಳುವ ಸದ್ದು. ಬಾವಿಯಿಂದ ಕೊಡ ಮೇಲೇರುವಾಗ ಹಗ್ಗ ಕಲ್ಲಿಗೆ ತಿಕ್ಕಿದಂತೆ. ಇಷ್ಟು ವರ್ಷ ಈ ಸದ್ದು ಯಾರ ಕಿವಿಗೂ ಬೀಳದ ಹಾಗೆ ಕಾದವನು ಅವನು. ತಾನೂ ಅದನ್ನು ಕೇಳಿರಲಿಲ್ಲವೆಂದು ಈಗ ತಿಳಿಯಿತು.

'...ತೆರದೈತಿ,' ಅಂದಳು.

ಬಾಗಿಲು ತೆರೆದಿದೆ ಎಂದು ಹಾಡಿದವರೆಲ್ಲ ಈಗಷ್ಟೇ ಅಗಳಿ ಸರಿಸಿ ಗಂಡನ ಎದುರು ನಿಂತವರ ಹಾಗೆ ಹಾಡಿದ್ದರು. ಇವಳ ಬಾಗಿಲು ಎಂದೋ ತೆರೆದದ್ದು. ತೆರೆದಿಟ್ಟು, ಮಳೆಗೆ ಹೊಸ್ತಿಲು ನೆನೆದು, ಗಾಳಿಗೆ ಕದ ಬಡಿದುಕೊಂಡು, ಆದರೂ ಮುಚ್ಚದೆ ಬಿಟ್ಟ ಬಾಗಿಲು. ತಬಲಾ ಓಡುತ್ತ ಬಂದು ಮೊದಲ ಪೆಟ್ಟು ಹಾಕಿತು. ಅಲ್ಲಿ 'ಬಾರೋ' ಇರಬೇಕಿತ್ತು, ಇರಲಿಲ್ಲ. ಪೆಟ್ಟು ಬರಿಯ ಅಂಗಳದಲ್ಲಿ ಬಿದ್ದಂತೆ ಬಿತ್ತು. ನಾಗಪ್ಪ ಗಾಬರಿಯಿಂದ ಹಯಾತನ ಕಡೆ ನೋಡಿದ, ಹುಬ್ಬಿನಿಂದಲೇ ಏನ್ರಿ ಇದು ಎಂದು ಕೇಳಿದ. ಹಯಾತ ಕಣ್ಣಿನಿಂದಲೇ ತಡಿ ಎಂದ. ಪೆಟ್ಟು ದಾಟಿ ಹೋದ ಮೇಲೆ, ಯಾರೂ ಎದುರು ನೋಡದ ಜಾಗದಲ್ಲಿ, ಮೆಲ್ಲಗೆ, ಕೇಳಿದರೆ ಕೇಳಲಿ ಬಿಟ್ಟರೆ ಬಿಡಲಿ ಎಂಬಂತೆ ಅವಳು ಅಂದಳು: 'ಬಾರೋ.'

ಎಳೆಯಲಿಲ್ಲ. ರಟ್ಟೆ ಹಿಡಿಯಲಿಲ್ಲ. ಬಂದರೆ ಜಾಗವಿದೆ ಎಂದಳು, ಅಷ್ಟೆ. ಅದೇ ಮಾತು, ಅದೇ ಸುರ. ಬಳೆಗಾರನ ಬಾಯಲ್ಲಿ, ಚಹದಂಗಡಿಯ ಪ್ಲೇಟಿನಲ್ಲಿ ಸವೆದು ಸವೆದು ನುಣ್ಣಗಾಗಿದ್ದ ಅದೇ ಹಾಡು. ಹಯಾತ ತಿದಿ ಒತ್ತಿದಾಗ ಒಳಗೆ ಗಾಳಿ ಇರಲಿಲ್ಲ. ಸುರವೂ ಅವಳ ಹಿಂದೆ ತಡವಾಗಿಯೇ ಬಂತು. ನಾಗಪ್ಪನೂ ತಿಳಿದವನು, ಓಟ ಬಿಟ್ಟು ನಡಿಗೆಗೆ ಇಳಿದ. 'ಬಾಳಿಯ' ಅಂದಳು, ನಿಂತಳು. ನೆರಳು ಯಾರಿಗಾಗಿ ಬೆಳೆದಿದೆ ಎಂದು ಎಲ್ಲರೂ ಯೋಚಿಸುವಷ್ಟು ಹೊತ್ತು ನಿಂತು 'ನೆರಳೈತಿ' ಅಂದಳು. 'ತಂಬಿಗಿ...' ಅಂದಳು. ಅಲ್ಲಿ ಉಸಿರು ಬಹಳ ತಡವಾಯಿತು. ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತಿತು. ಕೂಸುಗಳ ಸದ್ದೂ ನಿಂತಿತ್ತು. ಮತ್ತೆ ತೊಡೆಯ ಕೆಳಗೆ ಸೇರಿದ್ದ ಹಯಾತನ ಕೈ ಮೀನಿನಂತೆ ಒದ್ದಾಡಿತು. ಒಂದೇ ಒಂದು ಸುರ, ದಾರ ಎಸೆದಂತೆ ಒಂದೇ ಒಂದು ಸುರ ಕೊಟ್ಟರೆ ದಾಟಿಬಿಡುತ್ತಾಳೆ. ಬಿಟ್ಟುಬಿಡ್ರಿ ಎಂದಿದ್ದಳು. ಬಿಡುವುದೆಂದರೆ ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ.

ಆಗ ಜಮಖಾನೆಯ ಆ ಕಡೆಯಿಂದ, ಯಾವ ಮೂಲೆಯಿಂದಲೋ, ವಯಸ್ಸಾದ ಹೆಂಗಸಿನ ದನಿ ಬಂತು. ಕೂಗಿದ್ದಲ್ಲ, ಮಗ್ಗುಲಲ್ಲಿ ಕುಳಿತವಳಿಗೆ ಹೇಳಿದ ಹಾಗೆ.

"ತಗೋ ತಾಯಿ, ಉಸರ ತಗೋ. ನಮಗೇನ ಅವಸರಿಲ್ಲ."

ಯಾರೂ ನಗಲಿಲ್ಲ. ಹೌದವ್ವಾ ಎಂದು ಒಂದೆರಡು ದನಿ ಅಂದವು, ಬಳೆಗಳು ಒಮ್ಮೆ ಸರಿದು ಸುಮ್ಮನಾದವು. ಹೆಬ್ಬೆರಳು ಸಡಿಲಾಯಿತು. ಪಾದ ಪೂರ್ತಿ ಹಲಗೆಯ ಮೇಲೆ ಕೂತಿತು, ಮನೆಯ ನೆಲದ ಮೇಲೆ ನಿಂತವರ ಪಾದದಂತೆ. ಭರಮವ್ವ ಅವಸರವಿಲ್ಲದೆ, ಎಲ್ಲರಿಗೂ ಕೇಳುವಂತೆ ಉಸಿರು ತುಂಬಿಕೊಂಡು, 'ತುಂಬೈತಿ' ಅಂದಳು. ಹಯಾತ ಕತ್ತಲ ತಗ್ಗಿನಲ್ಲಿ ತೋಳಿನಿಂದ ಕಣ್ಣು ಒರೆಸಿಕೊಂಡ. ನಾಗಪ್ಪ ಕಂಡೂ ಕಾಣದವನಂತೆ ತಬಲಾದ ಬಾರು ಸರಿಮಾಡಿದ.

ಹಾಡು ಮುಗಿದಾಗ ಚಪ್ಪಾಳೆ ಇರಲಿಲ್ಲ. ಹೆಣ್ಣುಮಕ್ಕಳು ವನ್ಸ್ ಮೋರ್ ಎಂದು ಕೂಗುವವರಲ್ಲ. ಕುಳಿತಲ್ಲೇ ಸೆರಗು ಸರಿಮಾಡಿಕೊಂಡರು, ಒಬ್ಬಳು ಮೂಗು ಒರೆಸಿಕೊಂಡಳು. ಇದೆಲ್ಲ ಒಳಗಿನ ಮಾತು. ತಗಡಿನ ಹೊರಗೆ ನಿಂತ ಚೌಡಪ್ಪನಿಗೆ ಕೇಳಿಸಿದ್ದು ಬರಿಯ ತೂತುಗಳು: ಹಾಡು ನಿಂತದ್ದು, ಪೇಟಿ ಸುಮ್ಮನಾದದ್ದು, ತಬಲಾ ಕುಂಟಿದ್ದು, ಕೊನೆಗೆ ಶಿಳ್ಳೆಯಿಲ್ಲ ಚಪ್ಪಾಳೆಯಿಲ್ಲ. ಆಟ ಮುಗಿದು ಹೆಂಗಸರೆಲ್ಲ ಹೋದ ಮೇಲೆ ಒಳಗೆ ಬಂದ. ಮುಖದಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ಮಾಸ್ತರ, ನೀವೂ ಕೈ ಬಿಟ್ರಿ ಅಕಿನ್ನ?"

ಹಯಾತ ಬಾಯಿ ತೆರೆದ. ಒಳಗೆ ಕುಳಿತವರನ್ನು ಕೇಳ್ರಿ ಅನ್ನಬೇಕೆಂದಿದ್ದ. ಅಷ್ಟರಲ್ಲಿ ಮೇಲಿನಿಂದ ಭರಮವ್ವ, "ಅವರು ಬಿಟ್ಟಿಲ್ರಿ ಮಾಲಕರ. ನಾನ ಬಿಡಿಸ್ಕೊಂಡೆ," ಅಂದಳು. ಅರ್ಧ ಬಣ್ಣ ಒರೆಸಿದ ಮುಖ, ಒಂದು ಕೆನ್ನೆ ರಾಣಿಯದು, ಒಂದು ಅವಳದು. "ಹಾಡು ಸರೋಜಗ ಕೊಡ್ರಿ. ಚಲೋ ಹಾಡ್ತಾಳ, ಉಸರ ಐತಿ. ತಾಯಿ ಪಾತ್ರ ನನಗ ಬ್ಯಾಡ್ರಿ. ನಾ ಊರಿಗೆ ಹೋಗ್ತೇನಿ. ತಮ್ಮನ ಗದ್ದಿ ಐತಿ, ಕೆರಿ ಐತಿ."

ಮೂಲೆಯಲ್ಲಿ ನಿಂತಿದ್ದ ಸರೋಜ, ಎಳೆಯ ಹುಡುಗಿ, ಅತ್ತುಬಿಟ್ಟಳು. ಹಾಡು ಸಿಕ್ಕಿತೆಂದೋ ಹಾಗೆ ಹಾಡಲು ತನಗೆ ಬಾರದೆಂದೋ ಅವಳಿಗೂ ತಿಳಿದಿರಲಿಲ್ಲ. ಭರಮವ್ವ ಅವಳನ್ನು ಹತ್ತಿರ ಕರೆದು ತನ್ನ ಸೆರಗಿನಿಂದಲೇ ಕಣ್ಣು ಒರೆಸಿದಳು. ಹುಡುಗಿಯ ಕೆನ್ನೆಗೆ ಬಣ್ಣ ಹತ್ತಿತು. ಆಮೇಲೆ ಹಯಾತನ ಕಡೆ ನೋಡಿದಳು. ಶಿಗ್ಗಾಂವಿಯ ನಂತರ ಮೊದಲ ಸಲ.

ಮರುದಿನದ ಆಟದಲ್ಲಿ ಸರೋಜ ಹಾಡಿದಳು. 'ಬಾರೋ' ಪೆಟ್ಟಿನ ಮೇಲೆ ಬಿತ್ತು, ಶಿಳ್ಳೆ ಬಿತ್ತು, ವನ್ಸ್ ಮೋರ್ ಬಿತ್ತು. ಚೌಡಪ್ಪನ ಮುಖದ ಮಾಳಿಗೆ ಒಂದು ದಿನದ ಮಟ್ಟಿಗೆ ಸೋರಲಿಲ್ಲ. 'ತಂಬಿಗಿ' ಎಂದ ಕೂಡಲೇ ಹಯಾತನ ಬೆರಳು ತಾವಾಗಿಯೇ ಮೇಲೆದ್ದವು. ಹುಡುಗಿ ಆ ಖಾಲಿಯಲ್ಲಿ ಒಂದು ಕ್ಷಣ ಮುಗ್ಗರಿಸಿ, ಕೆಳಗೆ ಅವನ ಕಡೆ ನೋಡಿ, ಹೆದರುತ್ತ ಒಂದು ಉಸಿರು ಎಳೆದುಕೊಂಡಳು. ಆಮೇಲೆ ಹಾಡು ಮತ್ತೆ ಓಡಿತು.

ಗುರುವಾರ ಮುಂಜಾನೆ ಅವನು ಅಕ್ಕನ ಮನೆಗೆ ಹೋದಾಗ ಗೌಸಬಿ ಎಲೆ ಆರಿಸುತ್ತ ಕುಳಿತಿದ್ದಳು, ಅವನು ಬಂದದ್ದನ್ನು ನೋಡಿರಲಿಲ್ಲ. 'ಬಾಗಿಲ...' ಎಂದು ಗುನುಗಿದಳು. ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿದಳು, ತೊಟ್ಟು ಚಿವುಟಿದಳು, ಜೋಡಿಸಿದಳು. '...ತೆರದೈತಿ.' ಓಣಿಯ ತುದಿಯಲ್ಲಿ ಯಾರೋ ನೀರು ಸೇದುತ್ತ ಅದನ್ನೇ ಹೇಳುತ್ತಿದ್ದರು; ಕೊಡ ಮೇಲೆ ಬರುವ ತನಕ ನಿಂತು, ಬಂದ ಮೇಲೆ 'ಬಾರೋ.' ಹಯಾತ ಕಟ್ಟೆ ಹತ್ತದೆ ಬಿಸಿಲಿನಲ್ಲೇ ನಿಂತ.

"ಆಪಾ, ಉಸರ ತಗೋ ಅಂತ ಅವತ್ತ ಅಂದಕಿ ನೀನೇನು?"

ಗೌಸಬಿ ಬೆಚ್ಚಿ ನಕ್ಕಳು. "ನಾನಲ್ಲೋ ತಮ್ಮಾ. ಅಂದಕಿ ಯಾರಂತ ಯಾರಿಗೂ ಗೊತ್ತಿಲ್ಲ. ನಾನ ಅಂದೆ, ನಾನ ಅಂದೆ ಅಂತ ಓಣಿ ತುಂಬ ಹೇಳ್ಕೊಂಡ ಅಡ್ಡಾಡಾಕತ್ತಾರ." ಆಮೇಲೆ ಮೆಲ್ಲಗೆ ಕೇಳಿದಳು: "ಇವತ್ತ ಹೊಂಟಾಳಂತಲ್ಲ? ಕಳಸಿ ಬಾ ಹೋಗು." ಒಂದು ಕಟ್ಟು ಎಲೆಯನ್ನು ಬಾಳೆಪಟ್ಟೆಯಲ್ಲಿ ಸುತ್ತಿ ಕೊಟ್ಟಳು, ಎಲ್ಲವೂ ಎಳೆಯವು. "ಅಕಿಗೆ ಕೊಡು. ನನ್ನ ಮಣಕಾಲ ಬಗ್ಗೆ ಕೇಳಿದ್ರ ಹೇಳು."

ಮೋಟಾರು ನಿಲ್ಲುವ ಜಾಗದಲ್ಲಿ ಭರಮವ್ವ ಟ್ರಂಕಿನ ಮೇಲೆ ಕುಳಿತಿದ್ದಳು. ಹಾನಗಲ್ಲಿಗೆ ಹೋಗಿ, ಅಲ್ಲಿಂದ ಇನ್ನೊಂದು ಹಿಡಿದು ಹಿರೇಕೆರೂರು, ಆಮೇಲೆ ಚಕ್ಕಡಿ. ಪೆಟ್ರೋಲು ಸಿಗದ ಕಾಲವಾದ್ದರಿಂದ ಮೋಟಾರಿನ ಹಿಂದೆ ಇದ್ದಲಿಯ ಒಲೆ ಕಟ್ಟಿದ್ದರು; ಡ್ರೈವರ ಅದನ್ನು ಕೆದಕಿ ಊದಿ ಬೈಯುತ್ತಿದ್ದ. ಹಯಾತ ಎಲೆಯ ಕಟ್ಟು ಕೊಟ್ಟ. ಅವಳು ಅದನ್ನು ಮೂಗಿಗೆ ಹಿಡಿದು ತಂಪು ನೋಡಿ ಮಡಿಲಲ್ಲಿ ಇಟ್ಟುಕೊಂಡಳು. ಆಪಾನ ಮಣಕಾಲಿನ ಬಗ್ಗೆ ಕೇಳಿದಳು. ಅವನು ಹೇಳಿದ. ಮೋಟಾರು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. "ನನ್ನಂಗ ಐತಿ ನೋಡ್ರಿ," ಅಂದಳು. ಇಬ್ಬರೂ ನಕ್ಕರು. ಟ್ರಂಕು ಮೇಲೇರಿತು, ಅವಳು ಒಳಗೆ ಹೋಗಿ ಕಿಟಕಿಯ ಪಕ್ಕ ಕುಳಿತಳು.

"ಮಾಸ್ತರ, ಮಾಸೂರಿಗೆ ಒಮ್ಮೆ..." ಅಂದಳು. ಉಸಿರು ಕಟ್ಟಿತು.

ಉಳಿದದ್ದು ಅವನ ನಾಲಿಗೆಯ ತುದಿಯಲ್ಲಿತ್ತು. ಎಷ್ಟೋ ಬಗೆಯಲ್ಲಿ ಇತ್ತು: ಮುಟ್ಟಿ ಕಾಗದ ಹಾಕ್ತೇನಂತೀರೇನ್ರಿ, ಬರಬ್ಯಾಡ ಅಂತೀರೇನ್ರಿ, ಬಾ ಅಂತೀರೇನ್ರಿ. ಆಡಲಿಲ್ಲ. ಕಿಟಕಿಯ ಸರಳಿನ ಪಕ್ಕ ಕೈ ಕಟ್ಟಿಕೊಂಡು ನಿಂತ. ಕಂಡಕ್ಟರ ಸೀಟಿ ಊದಿದ. ಮೋಟಾರು ಒಮ್ಮೆ ಜಗ್ಗಿ ಹೊರಟಿತು. ಅವನು ಎರಡು ಹೆಜ್ಜೆ ಹಾಕಿ ನಿಂತ. ಧೂಳು ಎದ್ದಿತು, ಇದ್ದಲಿಯ ಹೊಗೆ ಅದರೊಳಗೆ ಬೆರೆಯಿತು. ಆಡುವವಳು ಹೋಗಿಯೇಬಿಟ್ಟಳು ಎಂದುಕೊಳ್ಳುವ ಹೊತ್ತಿಗೆ, ಎಲ್ಲ ದಾಟಿದ ಮೇಲೆ, ಆ ಧೂಳಿನ ಒಳಗಿನಿಂದ ಮೆಲ್ಲಗೆ ಕೇಳಿತು:

"...ಬರ್ರಿ."

ಹೋಳಿ ಹುಣ್ಣಿಮೆಗೆ ಇನ್ನೂ ಕೆಲವು ದಿನವಿತ್ತು. ಭರಮವ್ವ ಹೋದದ್ದು ಆ ಗುರುವಾರ.